ಕಟೌಟಿಗೆ ಹಾಲು, ಗುಡ್ಡಕ್ಕೆ ಹಾರೆ

ಹೊಸಪೇಟೆಯವರ ಅಭಿಮಾನವನ್ನು ಅನುಮಾನಿಸುವ ಧೈರ್ಯ ನಮಗಿಲ್ಲ. ಪುನೀತ್ ರಾಜ್‌ಕುಮಾರ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು. ಅಂದು ಶುಕ್ರವಾರ. ಜುಮ್ಮಾ ನಮಾಜು ಮುಗಿಸಿ ಹೊರಬಂದ ಹುಡುಗರು ಚಪ್ಪಲಿ ಮೆಟ್ಟುವುದನ್ನೂ ಮರೆತು ಮೊಬೈಲ್ ಹಿಡಿದು ನಿಂತಿದ್ದುದನ್ನು ನಾವು ಕಂಡಿದ್ದೇವೆ. ಸ್ವಲ್ಪ ಹೊತ್ತಿಗೆ ನಮ್ಮ ಓಣಿಯ ಅಂಗಡಿಗಳ ಶಟರ್‌ಗಳು ಯಾರೂ ಹೇಳದೆಯೇ ಕೆಳಗಿಳಿದವು. ಮಾರನೇ ವರ್ಷ, 2022ರ ಜೂನ್‌ನಲ್ಲಿ, ಊರಿನ ವೃತ್ತದಲ್ಲಿ ಅವರ ಪುತ್ಥಳಿಯೂ ನಿಂತಿತು. ಸ್ವಂತ ಅಣ್ಣನನ್ನು ಕಳೆದುಕೊಂಡವರಂತೆ ಅತ್ತ ಊರು ಇದು. ಆ ಅಳು ನಾಟಕವಾಗಿರಲಿಲ್ಲ.

ಇಷ್ಟನ್ನು ಮೊದಲೇ ಹೇಳಿಬಿಡಲು ಕಾರಣವಿದೆ. ಅಭಿಮಾನಿಗಳನ್ನು ಟೀಕಿಸಲು ಹೊರಟರೆ ಇಬ್ಬರು ಕೂಡಲೇ ಬಂದು ನಮ್ಮ ಪಕ್ಕ ನಿಂತುಬಿಡುತ್ತಾರೆ. ಒಬ್ಬರು, ಕಟೌಟಿಗೆ ಹಾಲು ಸುರಿಯುವವರನ್ನು ಕಂಡು ಮೂಗು ಮುರಿಯುವ ವಿದ್ಯಾವಂತರು. ಇನ್ನೊಬ್ಬರು ನಮ್ಮವರೇ, ಸಿನಿಮಾ ನಟನಿಗಾಗಿ ಮುಸಲ್ಮಾನರ ಹುಡುಗ ಅಳುವುದೇನು ಎಂದು ಗದರುವ ಹಿರಿಯರು. ಇಬ್ಬರ ಸಹವಾಸವೂ ನಮಗೆ ಬೇಡ. ಪೀರಲ ಹಬ್ಬದಲ್ಲಿ ಹಿಂದೂಗಳೇ ಪಂಜಾ ಹೊರುವ ಸೀಮೆಯಲ್ಲಿ ಹುಟ್ಟಿದವರಿಗೆ ಯಾರು ಯಾರಿಗಾಗಿ ಅಳಬೇಕು ಎಂಬ ಪಾಠ ಬೇಕಾಗಿಲ್ಲ. ನಮ್ಮ ತಕರಾರು ಅಳುವಿನ ಮೇಲಲ್ಲ. ಅತ್ತು ಎದ್ದ ಮೇಲೆ ನಾವು ಏನು ಮಾಡಿದೆವು ಎಂಬುದರ ಮೇಲೆ.

ಅಪ್ಪು ಅವರ ಕೊನೆಯ ಚಿತ್ರ ಯಾವುದು ಎಂದರೆ ಬಹಳ ಮಂದಿ ‘ಜೇಮ್ಸ್’ ಎನ್ನುತ್ತಾರೆ. ನಾಯಕನಾಗಿ ಕೊನೆಯದು ಅದೇ, ನಿಜ. ಅವರ ಹುಟ್ಟುಹಬ್ಬದ ದಿನ, 2022ರ ಮಾರ್ಚ್ 17ರಂದು ಬಂತು. ಡಬ್ಬಿಂಗ್ ಮುಗಿಸುವ ಮೊದಲೇ ಅವರು ಹೋಗಿಬಿಟ್ಟಿದ್ದರಿಂದ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟರು. ಮರು ತಿಂಗಳು ತಂತ್ರಜ್ಞಾನದ ಸಹಾಯದಿಂದ ಅಪ್ಪುವಿನದೇ ದನಿ ಕೂಡಿಸಿ ಮತ್ತೆ ತೆರೆಗೆ ತಂದರು. ಆದರೆ ಅವರನ್ನು ಕಟ್ಟಕಡೆಯದಾಗಿ ಪೂರ್ತಿಯಾಗಿ ಕಂಡದ್ದು ‘ಗಂಧದ ಗುಡಿ’ಯಲ್ಲಿ. ಅಮೋಘವರ್ಷ ಅವರ ನಿರ್ದೇಶನ, ಅಶ್ವಿನಿ ಪುನೀತ್ ರಾಜ್‌ಕುಮಾರ್ ಅವರ ನಿರ್ಮಾಣ. 2022ರ ಅಕ್ಟೋಬರ್ 28ರಂದು, ಮೊದಲ ಪುಣ್ಯಸ್ಮರಣೆಯ ಹಿಂದಿನ ದಿನ, ಬಿಡುಗಡೆಯಾಯಿತು. ಅದರಲ್ಲಿ ಫೈಟ್ ಇಲ್ಲ, ಡ್ಯಾನ್ಸ್ ಇಲ್ಲ, ನಾಯಕಿ ಇಲ್ಲ. ಅಪ್ಪು ಅಪ್ಪುವಾಗಿಯೇ ಕರ್ನಾಟಕದ ಕಾಡು, ಹೊಳೆ, ಕಡಲು ಸುತ್ತುತ್ತಾರೆ. ಕಾಡಿನಲ್ಲಿ ತಮಗೂ ಹೆದರಿಕೆಯಿದೆ ಎಂದು ಒಪ್ಪಿಕೊಳ್ಳುತ್ತಾರೆ. ಮೂವತ್ತು ಜನರನ್ನು ಒಂದೇ ಏಟಿಗೆ ಉರುಳಿಸುತ್ತಿದ್ದ ಮನುಷ್ಯ ಮರದ ಕೆಳಗೆ ನಿಂತು ಸುಮ್ಮನೆ ಮೇಲೆ ನೋಡುತ್ತಾನೆ.

ಓಣಿಯ ಪಂಕ್ಚರ್ ಅಂಗಡಿಯ ಹುಡುಗನ ಜೊತೆ ನಾವೂ ಆ ಚಿತ್ರಕ್ಕೆ ಹೋಗಿದ್ದೆವು. ಬಾಗಿಲಲ್ಲಿ ತಮಟೆ, ಪಟಾಕಿ, ಹಾಲಿನ ಪಾಕೆಟ್ಟುಗಳ ರಾಶಿ. ಒಳಗೆ ಅಪ್ಪುವಿಗೆಂದು ಒಂದು ಕುರ್ಚಿ ಖಾಲಿ ಬಿಟ್ಟು ಹೂವಿಟ್ಟಿದ್ದರು. ಚಿತ್ರ ಶುರುವಾದ ಹತ್ತು ನಿಮಿಷಕ್ಕೆ ಸಿಳ್ಳೆ ನಿಂತಿತು. ಅಪ್ಪು ನಕ್ಕಾಗಲೆಲ್ಲ ಯಾರೋ ಬಿಕ್ಕುತ್ತಿದ್ದರು. ತೆರೆಯ ಮೇಲೆ ಅಪ್ಪು ಇಲ್ಲದೆ ಬರೀ ಕಾಡು ಬಂದರೆ ಜನ ಮೊಬೈಲ್ ತೆಗೆದು ನೋಡಿಕೊಳ್ಳುತ್ತಿದ್ದರು. ಅವರು ಮತ್ತೆ ಬಂದರೆ ಮೊಬೈಲ್ ಜೇಬಿಗೆ. ಹೊರಗೆ ಬಂದ ಮೇಲೆ ಹುಡುಗನನ್ನು ಕೇಳಿದೆವು, ಹೇಗಿತ್ತಪ್ಪಾ? ಅವನು ಕಣ್ಣು ಒರೆಸಿಕೊಂಡು ಹೇಳಿದ: “ಅಪ್ಪು ಬಾಸ್‌ನ ನೋಡಿದ್ದೇ ಸಾಕ್ರಿ ಚಾಚಾ. ಪಿಚ್ಚರ್ ಏನೈತಿ ಅಂತ ನೋಡ್ಲೇ ಇಲ್ಲ.”

ಅವನು ಸುಳ್ಳಾಡಲಿಲ್ಲ. ನಾವ್ಯಾರೂ ನೋಡಲಿಲ್ಲ. ಅಂತಿಮ ದರ್ಶನಕ್ಕೆ ಹೋದವರಂತೆ ಹೋಗಿ ಬಂದೆವು. ಆ ಮನುಷ್ಯ ಕೊನೆಯ ಬಾರಿಗೆ ಬೆರಳು ಮಾಡಿ ಏನನ್ನೋ ತೋರಿಸಿದ. ನಾವು ಬೆರಳಿಗೆ ಕೈಮುಗಿದು ಮನೆಗೆ ಬಂದೆವು.

ಇದು ಇವತ್ತಿನ ರೋಗವೂ ಅಲ್ಲ. ‘ಗಂಧದ ಗುಡಿ’ ಎಂಬ ಹೆಸರಿಗೆ ಈಗ ಅರ್ಧ ಶತಮಾನ ದಾಟಿದೆ. ಮೊದಲನೆಯದು 1973ರದು, ಎಂ.ಪಿ. ಶಂಕರ್ ನಿರ್ಮಾಪಕರು, ವಿಜಯ್ ನಿರ್ದೇಶಕರು. ಅರಣ್ಯಾಧಿಕಾರಿಯಾಗಿ ರಾಜ್‌ಕುಮಾರ್ ಮರಗಳ್ಳರ ವಿರುದ್ಧ ನಿಲ್ಲುವ ಕಥೆ. ಕನ್ನಡದ ಜನಪ್ರಿಯ ಸಿನಿಮಾ ಕಾಡಿನ ಪರವಾಗಿ ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದು ಅಪರೂಪ. ಆದರೆ ಅಭಿಮಾನಿಗಳು ಆ ಚಿತ್ರದಿಂದ ಎತ್ತಿಕೊಂಡದ್ದೇನು? ಚಿತ್ರೀಕರಣದಲ್ಲಿ ಬಂದೂಕಿನ ಏನೋ ಪ್ರಸಂಗ ನಡೆಯಿತೆಂಬ ಸುದ್ದಿಯನ್ನು. ಅದನ್ನು ಹಿಡಿದುಕೊಂಡು ರಾಜ್ ಅಭಿಮಾನಿಗಳು, ವಿಷ್ಣು ಅಭಿಮಾನಿಗಳು ಎಂದು ಎರಡು ಪಾಳೆಯಗಳಾದವು. ಒಂದು ತಲೆಮಾರು ಆ ಜಗಳದಲ್ಲೇ ಹಲ್ಲು ಕಡಿಯಿತು. ಶ್ರೀಗಂಧದ ಮರಗಳ ಸುದ್ದಿಯನ್ನು ಯಾವ ಪಾಳೆಯವೂ ಎತ್ತಲಿಲ್ಲ. ಎರಡನೆಯ ಭಾಗ ತೊಂಬತ್ತರ ದಶಕದಲ್ಲಿ, ಶಿವರಾಜ್‌ಕುಮಾರ್ ಕಾಲಕ್ಕೆ, ಬಂದು ಹೋಯಿತು. 2000ದ ಜುಲೈ 30ರಂದು ಗಂಧದ ಕಳ್ಳ ವೀರಪ್ಪನ್ ಗಾಜನೂರಿನಿಂದ ಸಾಕ್ಷಾತ್ ರಾಜ್‌ಕುಮಾರ್ ಅವರನ್ನೇ ಹೊತ್ತೊಯ್ದು 108 ದಿನ ಕಾಡಿನಲ್ಲಿಟ್ಟುಕೊಂಡ. ತೆರೆಯ ಮೇಲೆ ಗಂಧ ಕಾಯ್ದವನನ್ನು ನಿಜದ ಗಂಧದ ಕಳ್ಳ ಸೆರೆಹಿಡಿದ. ಆಗಲೂ ನಾವು ಬಸ್ಸಿಗೆ ಕಲ್ಲು ಹೊಡೆದೆವೇ ಹೊರತು ಆ ಕಾಡು ಅವನ ಕೈಗೆ ಹೇಗೆ ಹೋಯಿತು, ಯಾರ ಕೃಪೆಯಿಂದ ಅಷ್ಟು ವರ್ಷ ಅವನ ಕೈಲಿ ಉಳಿಯಿತು ಎಂದು ಕೇಳಲಿಲ್ಲ.

ಮೂರನೆಯ ‘ಗಂಧದ ಗುಡಿ’ ಬಂದ ಮೇಲೂ ಅದೇ ಕಥೆ. ಎರಡು ತಿಂಗಳು ತುಂಬುವ ಮೊದಲೇ, 2022ರ ಡಿಸೆಂಬರ್ 18ರಂದು, ‘ಕ್ರಾಂತಿ’ ಚಿತ್ರದ ಹಾಡು ಬಿಡುಗಡೆಗೆ ಬಂದಿದ್ದ ನಟ ದರ್ಶನ್ ಮೇಲೆ ನಮ್ಮ ಊರಿನಲ್ಲೇ ಯಾರೋ ಚಪ್ಪಲಿ ಎಸೆದರು. ಶಿವರಾಜ್‌ಕುಮಾರ್ ಅದನ್ನು ಖಂಡಿಸಿದರು. ಆದರೂ ಎರಡು ಕಡೆಯವರು ಮೊಬೈಲ್‌ನಲ್ಲಿ ತಿಂಗಳುಗಟ್ಟಲೆ ಒಬ್ಬರ ತಾಯಂದಿರನ್ನು ಇನ್ನೊಬ್ಬರು ಬೈದುಕೊಂಡರು. ಪ್ಲಾಸ್ಟಿಕ್ ಎಸೆಯಬೇಡಿ, ಕಾಡು ಉಳಿಸಿ ಎಂದವನ ಹೆಸರಿನಲ್ಲಿ!

ಈಗ ಹೊಸಪೇಟೆ ಬಸ್‌ಸ್ಟ್ಯಾಂಡಿನಿಂದ ಸಂಡೂರಿನ ಬಸ್ಸು ಹತ್ತಿ. ಮೂವತ್ತು ಕಿಲೋಮೀಟರ್ ಆಸುಪಾಸು. ಮಳೆಗಾಲ ಮುಗಿಯುವ ಹೊತ್ತಿಗೆ ಹೋದರೆ ಎರಡೂ ಕಡೆ ಹಸಿರು ಗುಡ್ಡ, ಮೇಲೆ ಮೋಡ. ಬಯಲುಸೀಮೆಯ ನಡುವೆ ಮಲೆನಾಡಿನ ತುಂಡೊಂದನ್ನು ಯಾರೋ ಮರೆತು ಬಿಟ್ಟು ಹೋದಂತೆ. ನಮ್ಮ ಗಂಧದ ಗುಡಿ ಇದೇ. ಇದನ್ನು ನೋಡಲು ಯಾರೂ ಟಿಕೆಟ್ ತೆಗೆಯಬೇಕಿಲ್ಲ. ಅದೇ ರಸ್ತೆಯಲ್ಲಿ ಟಿಪ್ಪರ್‌ಗಳ ಸಾಲು ಸಿಕ್ಕಾಗ ಕಿಟಕಿ ಮುಚ್ಚಿಕೊಳ್ಳಿ. ಎಲೆ, ಮನೆ, ಶಾಲೆಯ ಗೋಡೆ, ದನದ ಬೆನ್ನು, ಎಲ್ಲದರ ಮೇಲೂ ಒಂದೇ ಕೆಂಪು.

ಕಳೆದ ಸಲದ ಕೊಳ್ಳೆ ನಮಗೆ ನೆನಪಿದೆ. ಚೀನಾಕ್ಕೆ ಅದಿರು ಬೇಕಾದಾಗ ಇಲ್ಲಿ ಹೊಲಗಳನ್ನೂ ಅಗೆದರು. ಸಂತೋಷ ಹೆಗ್ಡೆಯವರು ಲೋಕಾಯುಕ್ತರಾಗಿ 2008ರಲ್ಲಿ ಒಂದು, 2011ರಲ್ಲಿ ಇನ್ನೊಂದು ವರದಿ ಕೊಟ್ಟರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಮಿತಿ ಹಾಕಿ ಮತ್ತೆ ಬಿಟ್ಟಿತು. ಇಷ್ಟಾದ ಮೇಲಾದರೂ ಗುಡ್ಡಗಳಿಗೆ ನೆಮ್ಮದಿ ಸಿಕ್ಕಿತೇ? ಸಂಡೂರಿನ ದೇವದಾರಿ ಗುಡ್ಡದಲ್ಲಿ 401 ಹೆಕ್ಟೇರ್‌ಗೂ ಮೀರಿದ ಅರಣ್ಯದಲ್ಲಿ ಅದಿರು ತೆಗೆಯಲು ಕೇಂದ್ರ ಸರ್ಕಾರದ ಉದ್ದಿಮೆ ಕೆಐಒಸಿಎಲ್‌ಗೆ ಗುತ್ತಿಗೆಯಾಗಿದೆ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಲ್ಲಿಸಿದ ಕಂಪನಿಯೇ ಇದು. ಅಲ್ಲಿಯ ಕಾಡು ಬಿಡಿಸಿದರೆ ಇಲ್ಲಿಯ ಕಾಡಿಗೆ ಬಂತು. ಸುಮಾರು 99 ಸಾವಿರ ಮರ ಬೀಳಬೇಕಾಗುತ್ತದೆ ಎಂಬ ಲೆಕ್ಕ ಪತ್ರಿಕೆಗಳಲ್ಲೇ ಬಂದಿದೆ. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಖಾತೆ ವಹಿಸಿಕೊಂಡ ಹೊಸದರಲ್ಲೇ ಈ ಯೋಜನೆಯ ಕಡತಕ್ಕೆ ಸಹಿ ಹಾಕಿದರು. ಅವರೂ ಒಂದು ಕಾಲದಲ್ಲಿ ಸಿನಿಮಾ ನಿರ್ಮಾಪಕರು ಎಂಬುದು ಹಾಗಿರಲಿ, ಸಂಡೂರಿನ ಗುಡ್ಡದ ಮೇಲೆ ನೆಲೆಸಿರುವ ದೇವರೂ ಕುಮಾರಸ್ವಾಮಿಯೇ! ಗದ್ದಲವಾದ ಮೇಲೆ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಜಮೀನು ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಹಾಗೆಂದು ರಾಜ್ಯದವರಿಗೆ ಹಾರ ಹಾಕಲು ನಾವು ತಯಾರಿಲ್ಲ. ಇಲ್ಲಿಯ ಗುಡ್ಡಗಳು ಕರಗುವಾಗ ಬೆಂಗಳೂರಿನಲ್ಲಿ ಎಲ್ಲ ಪಕ್ಷದವರೂ ಒಬ್ಬರಾದ ಮೇಲೊಬ್ಬರು ಕುರ್ಚಿಯಲ್ಲಿದ್ದರು.

ಆ ಗದ್ದಲ ಮಾಡಿದವರು ಯಾರು? ಜನಸಂಗ್ರಾಮ ಪರಿಷತ್ತಿನವರು, ಒಂದಷ್ಟು ರೈತರು, ಪರಿಸರದವರು, ಕೆಲವು ಪತ್ರಕರ್ತರು. ಬೆರಳಲ್ಲಿ ಎಣಿಸುವಷ್ಟು ಜನ ಎಂದರೆ ಅವರು ಬೇಜಾರು ಮಾಡಿಕೊಳ್ಳಬಾರದು. ಹತ್ತು ಸಾವಿರ ಜನ ಒಂದು ಕಟೌಟಿನ ಕೆಳಗೆ ನಿಲ್ಲುವ ಹೊಸಪೇಟೆಯಿಂದ ಅಪ್ಪು ಹೆಸರಿನ ಒಂದು ಬ್ಯಾನರ್ ದೇವದಾರಿಗೆ ಹೋದದ್ದನ್ನು ನಾವು ಕಾಣಲಿಲ್ಲ.

ಉರ್ದುವಿನಲ್ಲಿ ಎರಡು ಶಬ್ದಗಳಿವೆ. ತಮಾಷಾಬೀನ್ ಮತ್ತು ಮುರೀದ್. ಮೊದಲನೆಯವನು ನೋಡಿ ಹೋಗುವವನು. ಎರಡನೆಯವನು ಕೈಗೆ ಕೈ ಕೊಟ್ಟು ಒಪ್ಪಿಕೊಂಡವನು. ಗುರು ತೀರಿಕೊಂಡರೂ ಅವನ ಕೆಲಸ ತೀರುವುದಿಲ್ಲ. ಕನ್ನಡದ ‘ಅಭಿಮಾನಿ’ ಎರಡಕ್ಕೂ ಒದಗುತ್ತದೆ, ಹಾಗಾಗಿ ನಮಗೆ ಬಲು ಅನುಕೂಲ. ನೋಡಿ ಹೋಗುವವರೂ ನಾವು ಮುರೀದರೆಂದು ನಂಬಿಕೊಂಡಿರಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕಿತ್ತುಹೋದಾಗಲೂ ಇದೇ ಕಂಡದ್ದು. ಕಂಪ್ಲಿಯ ರೈತ ಭತ್ತದ ಮಡಿಗೆ ನೀರು ಉಳಿದೀತೇ ಎಂದು ಕೈಹೊತ್ತು ಕೂತಿದ್ದ. ಹೊಸಪೇಟೆಯ ನಾವು ಭೋರ್ಗರೆಯುವ ನೀರಿನ ಮುಂದೆ ಸೆಲ್ಫಿಗೆ ನಿಂತಿದ್ದೆವು. ಅದೇ ಅಣೆಕಟ್ಟಿನಲ್ಲಿ ಮೊದಲು 133 ಟಿಎಂಸಿ ನೀರು ನಿಲ್ಲುತ್ತಿತ್ತು, ಹೂಳು ತುಂಬಿ ಈಗ 105ರ ಸುಮಾರಿಗೆ ಇಳಿದಿದೆ. ಬೋಳಾದ ಗುಡ್ಡಗಳ ಮಣ್ಣು ಕೊನೆಗೆ ಸೇರುವುದು ಹೊಳೆಯನ್ನೇ. ಹಂಪಿಯ ಮಂಟಪದ ಮೆಟ್ಟಿಲ ಬಳಿ ಕೂತು ತುಂಗಭದ್ರೆಯ ಸೊಬಗನ್ನು ಹಾಡುವವರಿಗೆ ಅದು ಕಾಣುವುದಿಲ್ಲ. ಕಂಪ್ಲಿಯ ಕಾಲುವೆಯ ತುದಿಯವನಿಗೆ ಕಾಣುತ್ತದೆ.

ಈ ಮಾತಿಗೆ ಬರುವ ಉತ್ತರ ನಮಗೆ ಗೊತ್ತು. ಗಣಿ ನಿಂತರೆ ಹೊಟ್ಟೆಗೇನು? ಇದು ಹಗುರವಾದ ಪ್ರಶ್ನೆಯಲ್ಲ. ನಮ್ಮ ಬಂಧುಗಳೇ ಸಾಲ ಮಾಡಿ ಲಾರಿ ಕೊಂಡವರು. 2011ರಲ್ಲಿ ಎಲ್ಲ ನಿಂತಾಗ ಮನೆ ಮುಂದೆ ನಿಂತ ಲಾರಿಯ ಟಯರ್ ಕೊಳೆಯಿತು, ಹೆಂಡತಿಯ ಒಡವೆ ಹೋಯಿತು, ಕೊನೆಗೆ ಫೈನಾನ್ಸಿನವರು ಲಾರಿಯನ್ನೂ ಎಳೆದೊಯ್ದರು. ಅದಿರಿನ ದುಡ್ಡಿನಲ್ಲಿ ಓದಿದ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಆದರೆ ಆ ಅನುಭವ ಹೇಳುವುದಾದರೂ ಏನು? ಗುಡ್ಡ ಮಾರಿದವರು ಹೆಲಿಕಾಪ್ಟರ್ ಹತ್ತಿದರು, ಗುಡ್ಡ ಹೊತ್ತವನು ಬಡ್ಡಿ ಕಟ್ಟಿದ. ಈಗಂತೂ ನೂರು ಕೈಗಳ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. ಪಂಕ್ಚರ್ ಅಂಗಡಿಯ ಹುಡುಗನಿಗೆ ದೇವದಾರಿಯಿಂದ ಸಿಗಬಹುದಾದದ್ದು ಇನ್ನಷ್ಟು ಪಂಕ್ಚರ್, ಇನ್ನಷ್ಟು ಧೂಳು.

ಅಭಿಮಾನಿಗಳ ಮೇಲೆ ಇಷ್ಟು ಸಿಟ್ಟಾಗಲು ಇನ್ನೂ ಒಂದು ಕಾರಣವಿದೆ. ಅವರಿಂದ ಆಗುತ್ತದೆ ಎಂಬುದನ್ನು ಅವರೇ ತೋರಿಸಿದ್ದಾರೆ. ಅಪ್ಪುವಿನ ಕಣ್ಣುಗಳು ನಾಲ್ವರಿಗೆ ಬೆಳಕಾದವು ಎಂಬ ಸುದ್ದಿ ಬಂದದ್ದೇ ತಡ, ನಾಡಿನುದ್ದಕ್ಕೂ ಜನ ಸಾಲುಗಟ್ಟಿ ನೇತ್ರದಾನಕ್ಕೆ ಹೆಸರು ಬರೆಸಿದರು. ಯಾವ ಸರ್ಕಾರದ ಜಾಹೀರಾತೂ ಮಾಡದ ಕೆಲಸ ಅದು. ಅಂದರೆ ಅಂದು ನಾವು ತಮಾಷಾಬೀನರಾಗಿರಲಿಲ್ಲ. ಇನ್ನೂ ಒಂದಿದೆ. ಓಣಿ ಓಣಿಯೂ ಇವರದು, ಅವರದು ಎಂದು ಪಾಲಾಗುತ್ತಿರುವ ಈ ಕಾಲದಲ್ಲಿ ಹುಸೇನನೂ ಹನುಮಂತನೂ ಒಂದೇ ಏಣಿ ಹಿಡಿದು ಕಟೌಟ್ ಏರಿಸುವ ಜಾಗ ಅಭಿಮಾನಿ ಸಂಘವೇ. ಅಲ್ಲಿ ಯಾರೂ ಯಾರ ಅಡುಗೆಮನೆಯನ್ನು ಇಣುಕುವುದಿಲ್ಲ. ಇಂಥ ಒಗ್ಗಟ್ಟು ಇರುವುದು ಬರೀ ಹಾಲು ಸುರಿಯಲಿಕ್ಕೇ?

‘ಗಂಧದ ಗುಡಿ’ಯನ್ನು ಮಕ್ಕಳೂ ನೋಡಲಿ ಎಂದು 2022ರ ನವೆಂಬರ್‌ನಲ್ಲಿ ಕೆಲವು ದಿನ ಟಿಕೆಟ್ ದರವನ್ನು 56 ರೂಪಾಯಿಗೆ ಇಳಿಸಿದ್ದರು. ಸಂಡೂರಿನ ಬಸ್ ಚಾರ್ಜು ಹೆಚ್ಚುಕಡಿಮೆ ಅಷ್ಟೇ. ಮುಂದಿನ ಮಾರ್ಚ್ 17ಕ್ಕೆ ಅಭಿಮಾನಿ ಸಂಘಗಳು ಕೇಕು, ಹಾಲು, ಪಟಾಕಿಯ ಖರ್ಚು ಹಿಡಿದಿಟ್ಟು ನಾಲ್ಕು ಬಸ್ಸು ಮಾಡಲಿ. ಅಪ್ಪುವಿನ ಅದೇ ಬ್ಯಾನರ್ ಇರಲಿ, ಅದೇ ತಮಟೆ ಇರಲಿ. ದೇವದಾರಿಯ ಬುಡದಲ್ಲಿ ನಿಂತು ಒಂದು ಮನವಿಗೆ ಸಹಿ ಹಾಕಿ, ಸಂಡೂರಿನ ತಾಲ್ಲೂಕು ಕಚೇರಿಗೆ ಹೋಗಿ ಕೊಟ್ಟು ಬರಲಿ. ಮೊನ್ನೆ ಇದನ್ನೇ ಪಂಕ್ಚರ್ ಅಂಗಡಿಯ ಹುಡುಗನಿಗೆ ಹೇಳಿದೆವು. ಅವನು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಏಳುವುದನ್ನೇ ನೋಡುತ್ತಾ, “ಸಂಘದೋರಿಗೆ ಹೇಳಿ ನೋಡ್ತೀನ್ರಿ ಚಾಚಾ, ಆದ್ರ ಅಧ್ಯಕ್ಷರದು ಎರಡು ಟಿಪ್ಪರ್ ಅದಾವು” ಎಂದ.