ಮಿಲಿಟರಿ ಲಾರಿ, ಹಳೆಯ ಜನರೇಟರು: ಕೊಳ್ಳುವ ಮೊದಲು ಒಂದು ಮಾತು



ಬೇಸಾಯ ಶಾಸ್ತ್ರ ಓದಿದವನಿಗೆ ಲಾರಿ, ಜನರೇಟರುಗಳ ಗೊಡವೆ ಏಕೆ ಎಂದು ನೀವು ಕೇಳಬಹುದು. ನಾನೂ ಬಹಳ ದಿನ ಹಾಗೆಯೇ ತಿಳಿದಿದ್ದೆ. ಬಿತ್ತನೆಯ ಅಂತರ, ಗೊಬ್ಬರದ ಪ್ರಮಾಣ, ಕಳೆಯ ಹತೋಟಿ ಇವಿಷ್ಟನ್ನು ಹೇಳಿದರೆ ನನ್ನ ಕೆಲಸ ಮುಗಿಯಿತೆಂಬ ಭಾವನೆ ನನ್ನದಾಗಿತ್ತು. ಆ ಭಾವನೆ ಹೋದದ್ದು ಕೆಲವು ವರ್ಷಗಳ ಹಿಂದೆ, ನವೆಂಬರ್ ತಿಂಗಳ ಒಂದು ಮಳೆಯಲ್ಲಿ.

ಕಾವೇರಿ ನಾಲೆಯ ಬಯಲಿನ ಊರೊಂದರಲ್ಲಿ ಎಂಟು ಮಂದಿ ಬೇಸಾಯಗಾರರು ಸೇರಿ ಭತ್ತದ ಬೀಜೋತ್ಪಾದನೆ ಮಾಡುತ್ತಿದ್ದರು. ಕೊಯ್ಲಿನ ವೇಳೆಗೆ ಸರಿಯಾಗಿ ವಾಯುಭಾರ ಕುಸಿತದ ಮಳೆ ಹಿಡಿಯಿತು. ಬಿಸಿಲಿಗಾಗಿ ಕಾಯಬೇಡಿ, ಕೊಯ್ದು ಯಂತ್ರದಲ್ಲಿ ಒಣಗಿಸಿ ಎಂದು ಸಲಹೆ ಕೊಟ್ಟವನು ನಾನೇ. ಶೇ. 22ರಷ್ಟು ತೇವಾಂಶವಿದ್ದ ಭತ್ತವನ್ನು ಡ್ರೈಯರಿಗೆ ತುಂಬಿದರು. ಬೀಜವಾಗಿ ಕಾಪಾಡಬೇಕಾದರೆ ಅದು ಶೇ. 13ಕ್ಕೆ ಇಳಿಯಬೇಕು. ಅದೇ ರಾತ್ರಿ ಕರೆಂಟು ಹೋಯಿತು. ಶೆಡ್ಡಿನ ಹಿಂದೆ ಹರಾಜಿನಲ್ಲಿ ತಂದ ಮಿಲಿಟರಿಯ 30 ಕೆ.ವಿ.ಎ. ಜನರೇಟರು ಇತ್ತು. ಚಾಲೂ ಮಾಡಿದರೆ ಎರಡು ನಿಮಿಷ ಓಡಿ ನಿಂತಿತು. ಟ್ಯಾಂಕಿನ ತಳದಲ್ಲಿ ನೀರು, ಫಿಲ್ಟರಿನಲ್ಲಿ ಕಪ್ಪು ಲೋಳೆ. ಮರುದಿನ ಸಂಜೆಯ ಹೊತ್ತಿಗೆ ಅದನ್ನೆಲ್ಲ ತೊಳೆದು ಎಂಜಿನ್ನು ಓಡಿಸಿದರು. ಎಂಜಿನ್ನು ಓಡಿತು, ಆದರೆ ವೋಲ್ಟೇಜು ಏಳಲಿಲ್ಲ. ವರ್ಷಗಟ್ಟಲೆ ನಿಂತು, ಆಲ್ಟರ್ನೇಟರಿನಲ್ಲಿ ಉಳಿದಿರಬೇಕಾದ ಅಲ್ಪಸ್ವಲ್ಪ ಕಾಂತತ್ವವೂ ಅಳಿಸಿಹೋಗಿತ್ತು. ಬ್ಯಾಟರಿಯ ತಂತಿಯನ್ನು ಕ್ಷಣಕಾಲ ಸರಿಯಾದ ಜಾಗಕ್ಕೆ ತಾಗಿಸಿದರೆ ಮತ್ತೆ ಬರುವಂಥದು ಅದು. ಆ ಜಾಗ ಬಲ್ಲ ಮೇಸ್ತ್ರಿ ಬಂದದ್ದು ಮೂರನೆಯ ದಿನ. ಅಷ್ಟರಲ್ಲಿ ಭತ್ತದ ರಾಶಿಯೊಳಗೆ ಕೈ ಇಟ್ಟರೆ ಬಿಸಿ ತಾಗುತ್ತಿತ್ತು, ಹುಳಿ ವಾಸನೆ ಬರುತ್ತಿತ್ತು. ಮೊಳಕೆ ಪ್ರಮಾಣ ದೃಢೀಕರಣಕ್ಕೆ ಬೇಕಾದ ಶೇ. 80ನ್ನು ಮುಟ್ಟಲಿಲ್ಲ. ಬೀಜದ ಬೆಲೆಗೆ ಹೋಗಬೇಕಾದ ಭತ್ತ ಗಿರಣಿಯ ಬೆಲೆಗೂ ಚೌಕಾಶಿಗೆ ಸಿಕ್ಕಿತು. ಡ್ರೈಯರನ್ನು ಬಳಸಿ ಎಂದು ಹೇಳಿದ ನಾನು, ಒಂದು ದಿನವೂ ನಿಮ್ಮ ಜನರೇಟರನ್ನು ಓಡಿಸಿ ತೋರಿಸಿ ಎಂದು ಕೇಳಿರಲಿಲ್ಲ.

ಆ ಜನರೇಟರಿನ ಮೀಟರಿನಲ್ಲಿ ಓಡಿದ ಗಂಟೆಗಳು ಬಹಳ ಕಡಿಮೆ. ಅದನ್ನೇ ತೋರಿಸಿ ಅದನ್ನು ಮಾರಿದ್ದರು. ನಮ್ಮಲ್ಲಿ ಅನೇಕರು ಮೋಸಹೋಗುವುದು ಇಲ್ಲಿಯೇ. ಸೈನ್ಯದಿಂದ ಹೊರಬೀಳುವ ಯಂತ್ರ ಓಡಿದ್ದು ಕಡಿಮೆ, ನಿಂತದ್ದು ಹೆಚ್ಚು. ಓಡುವ ಯಂತ್ರದಲ್ಲಿ ಸವೆಯುವುದು ಲೋಹ. ನಿಂತ ಯಂತ್ರದಲ್ಲಿ ಕೆಡುವುದು ರಬ್ಬರು, ಎಣ್ಣೆ, ಬ್ಯಾಟರಿ, ತಂತಿಯ ಹೊದಿಕೆ. ಲೋಹದ ಸವೆತ ಶಬ್ದದಿಂದ ತಿಳಿಯುತ್ತದೆ. ರಬ್ಬರು ಒಣಗಿದ್ದು ಬ್ರೇಕು ಹಿಡಿಯದೆ ಇಳಿಜಾರಿನಲ್ಲಿ ಹೋಗುವಾಗ ಮಾತ್ರ ತಿಳಿಯುತ್ತದೆ.

ಮಿಲಿಟರಿ ಲಾರಿಯ ಮೋಹ ನಮ್ಮ ಮಲೆನಾಡು, ಕೊಡಗುಗಳಿಗೆ ಹೊಸದಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಾರಾಟಕ್ಕೆ ಬಂದ ಜೀಪು, ಲಾರಿಗಳು ತೋಟದ ಕಾಫಿಯನ್ನೂ ಕಾಡಿನ ದಿಮ್ಮಿಯನ್ನೂ ಎಳೆದವು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗೆ ಕೆಸರಿನ ದಾರಿಯಲ್ಲಿ ಬೆಲೆಯುಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕಾಲ ಬೇರೆ. ಜಬಲ್ಪುರದ ಕಾರ್ಖಾನೆಯ ಶಕ್ತಿಮಾನ್ ಲಾರಿಯ ತಯಾರಿಕೆ 1996ರಲ್ಲಿಯೂ ಜೊಂಗಾದ ತಯಾರಿಕೆ 1999ರಲ್ಲಿಯೂ ನಿಂತುಹೋದವು. ಇಂದು ಸಿಗುವ ಯಾವ ಶಕ್ತಿಮಾನ್ ಆದರೂ ಕಾಲು ಶತಮಾನ ದಾಟಿದ ಗಾಡಿ. ಬಿಡಿಭಾಗಕ್ಕೆ ಇನ್ನೊಂದು ಸತ್ತ ಲಾರಿಯನ್ನೇ ಹುಡುಕಬೇಕು. ಕಾಗದಪತ್ರದ ತೊಡಕು ಬೇರೆ. ಸಾಧಾರಣ ಸರ್ಕಾರಿ ವಾಹನಗಳಿಗೆ 15 ವರ್ಷ ತುಂಬಿದರೆ ನೋಂದಣಿ ಮುಂದುವರಿಯದು ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗುಜರಿಯೆಂದು ಮಾರಿದ್ದನ್ನು ತಂದು ರಸ್ತೆಗಿಳಿಸುವೆನೆಂದರೆ ಆಗದು. ಹರಾಜಿನ ಪಟ್ಟಿಯಲ್ಲಿ ಏನೆಂದು ಬರೆದಿದೆ ಎಂಬುದನ್ನು ಓದಿಸಿಕೊಂಡು, ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಹಣ ಕಟ್ಟಿ.

ಈಗಾಗಲೇ ಕೊಂಡಿರುವವರಿಗೆ ಎರಡು ಮಾತು. ಬ್ರೇಕಿನ ಹೋಸು, ವಾಷರುಗಳು ನೋಡಲು ಚೆನ್ನಾಗಿದ್ದರೂ ಎಲ್ಲವನ್ನೂ ಒಂದೇ ಸಲ ಬದಲಿಸಿ. ಗೇರು ಪೆಟ್ಟಿಗೆ, ಹಿಂದು ಮುಂದಿನ ಆಕ್ಸಲ್ಲುಗಳ ಎಣ್ಣೆ ಇಳಿಸಿ ನೋಡಿ. ಮಜ್ಜಿಗೆಯ ಬಣ್ಣವಿದ್ದರೆ ನೀರು ಸೇರಿದೆ. ಆಕ್ಸಲ್ಲಿನ ಮೇಲಿರುವ ಗಾಳಿಯ ಕೊಳವೆ ಕೆಸರು ತುಂಬಿ ಮುಚ್ಚಿದ್ದರೆ ಹಳ್ಳ ದಾಟುವಾಗಲೆಲ್ಲ ಸೀಲಿನ ಮೂಲಕ ನೀರನ್ನು ಒಳಗೆ ಹೀರುತ್ತದೆ. ಮುಂದಿನ ಆಕ್ಸಲ್ಲನ್ನು ಡಾಂಬರು ರಸ್ತೆಯಲ್ಲಿ ಜೋಡಿಸಬೇಡಿ, ಅದು ಕೆಸರಿಗೆ ಮಾತ್ರ. ಕೆಲವು ಮಿಲಿಟರಿ ಗಾಡಿಗಳ ಚಕ್ರದ ರಿಮ್ಮು ಎರಡು ಹೋಳಾಗಿದ್ದು ನಟ್ಟುಗಳಿಂದ ಕೂಡಿಸಿರುತ್ತಾರೆ. ಗಾಳಿ ಇರುವಾಗ ಆ ನಟ್ಟು ಬಿಚ್ಚಿದರೆ ರಿಮ್ಮು ಸಿಡಿದು ಆಳನ್ನೇ ಕೊಲ್ಲುತ್ತದೆ. ಪಂಕ್ಚರ್ ಅಂಗಡಿಯ ಹುಡುಗನಿಗೆ ಇದು ತಿಳಿದಿರಲಾರದು, ನೀವೇ ನಿಂತು ಹೇಳಬೇಕು.

ಇನ್ನು ಜನರೇಟರು. ಮಿಲಿಟರಿ ಸೆಟ್ಟುಗಳೆಲ್ಲ ನಮ್ಮ ಮೋಟಾರಿಗೆ ಹೊಂದುವಂಥವಲ್ಲ. ಕೆಲವು ಬ್ಯಾಟರಿ ತುಂಬಲೆಂದು ಏಕಮುಖ ವಿದ್ಯುತ್ತನ್ನು ಕೊಡುತ್ತವೆ. ರಾಡಾರ್, ವಿಮಾನಗಳಿಗಾಗಿ 400 ಆವರ್ತಗಳವೂ ಇವೆ. ನಮಗೆ ಬೇಕಾದುದು 50 ಆವರ್ತ, 415 ವೋಲ್ಟು, ಮೂರು ಫೇಸು. ತಗಡಿನ ಮೇಲೆ ಕೊರೆದಿರುವುದನ್ನು ಬಣ್ಣ ಕೆರೆದಾದರೂ ಓದಿ.

ಎಷ್ಟು ದೊಡ್ಡದು ಬೇಕೆಂಬುದರಲ್ಲಿ ತಪ್ಪುವವರೇ ಹೆಚ್ಚು. 7.5 ಅಶ್ವಶಕ್ತಿಯ ಫ್ಯಾನು ಓಡುವಾಗ ಸುಮಾರು 11 ಆಂಪಿಯರು ಎಳೆದರೆ, ನೇರ ಸ್ಟಾರ್ಟರಿನಲ್ಲಿ ಏಳುವ ಗಳಿಗೆಯಲ್ಲಿ ಅದರ ಆರು ಪಟ್ಟು ಎಳೆಯುತ್ತದೆ. ಅದಕ್ಕೆ 20 ಕೆ.ವಿ.ಎ. ಬೇಕಾದೀತು. ಸ್ಟಾರ್ ಡೆಲ್ಟಾ ಸ್ಟಾರ್ಟರು ಹಾಕಿದರೆ ಆ ಎಳೆತ ಮೂರನೆಯ ಒಂದಕ್ಕೆ ಇಳಿದು 15 ಸಾಕಾಗುತ್ತದೆ. ಹಲವು ಮೋಟಾರುಗಳಿದ್ದರೆ ದೊಡ್ಡದನ್ನು ಮೊದಲು ಎಬ್ಬಿಸಿ. ಹಾಗೆಂದು ಇರಲಿ ಎಂದು 30, 40 ಕೆ.ವಿ.ಎ. ತಂದು ಹಾಲು ಕರೆಯುವ ಯಂತ್ರವೊಂದನ್ನೇ ಓಡಿಸುವುದೂ ತಪ್ಪು. ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಹೊರೆಯಲ್ಲಿ ಸದಾ ಓಡುವ ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಪೂರ್ತಿ ಉರಿಯದೆ ಹೊಗೆಕೊಳವೆಯಲ್ಲಿ ಕಪ್ಪಾಗಿ ಜಿನುಗುತ್ತದೆ. ಎಂಜಿನ್ನೂ ಕೆಡುತ್ತದೆ.

ಮತ್ತೊಂದು ಮಾತು ಹೇಳಿದರೆ ಕೆಲವರಿಗೆ ಬೇಸರವಾದೀತು. ಕಬ್ಬಿಗೆ ನೀರು ಹಾಯಿಸಲು ಜನರೇಟರು ಕೊಳ್ಳಬೇಡಿ. ಒಂದು ಲೀಟರು ಡೀಸೆಲ್ಲಿಗೆ ಬರುವುದು ಹೆಚ್ಚುಕಡಿಮೆ 3 ಯೂನಿಟ್ಟು. 5 ಅಶ್ವಶಕ್ತಿಯ ಪಂಪು ಗಂಟೆಗೆ ಸುಮಾರು 4.5 ಯೂನಿಟ್ಟು ನುಂಗುತ್ತದೆ. ಆರು ಗಂಟೆ ಓಡಿಸಿದರೆ 9 ಲೀಟರು. ಕಬ್ಬು ಎರಡು ದಿನ ತಡೆಯುತ್ತದೆ. ತಡೆಯದಿರುವುದು ಹಾಲು, ಮರಿಕೋಳಿ, ಹಸಿ ಬೀಜ. ಜನರೇಟರು ಇರುವುದು ಅವುಗಳಿಗಾಗಿ.

ಟ್ರ್ಯಾಕ್ಟರು ಇರುವವರು ಬೇರೆ ಎಂಜಿನ್ನನ್ನೇ ಕೊಳ್ಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಟ್ರ್ಯಾಕ್ಟರಿನ ಹಿಂದಿನ ಪಿ.ಟಿ.ಓ. ದಂಡಕ್ಕೆ ಜೋಡಿಸುವ ಆಲ್ಟರ್ನೇಟರು ಸಿಗುತ್ತದೆ. ಒಂದು ಕಿಲೋವಾಟಿಗೆ 2 ಅಶ್ವಶಕ್ತಿಯಂತೆ ಲೆಕ್ಕ ಹಾಕಿ. 15 ಕೆ.ವಿ.ಎ. ಎಂದರೆ 12 ಕಿಲೋವಾಟು, ಪಿ.ಟಿ.ಓ.ದಲ್ಲಿ 24 ಅಶ್ವಶಕ್ತಿ. ನಿಮ್ಮ 35ರ ಟ್ರ್ಯಾಕ್ಟರು ಇದನ್ನು ಸುಲಭವಾಗಿ ಹೊರುತ್ತದೆ. ಆ ಎಂಜಿನ್ನು ನಿನ್ನೆಯೂ ಓಡಿದೆ, ಅದರ ಡೀಸೆಲ್ಲು ಹೊಸದು, ಬ್ಯಾಟರಿ ತುಂಬಿದೆ. ವೇಗ ನಿಮಿಷಕ್ಕೆ 540 ಸುತ್ತಿನಲ್ಲಿ ನಿಂತಿರುವಂತೆ ಆವರ್ತದ ಮೀಟರು ನೋಡಿಕೊಳ್ಳಬೇಕು, ತಿರುಗುವ ದಂಡಕ್ಕೆ ಹೊದಿಕೆ ಇರಲೇಬೇಕು.

ಬೇರೆ ಸೆಟ್ಟೇ ಬೇಕೆನ್ನುವವರು ತಿಂಗಳಿಗೊಮ್ಮೆ ಅರ್ಧ ಗಂಟೆ, ಅರ್ಧದಷ್ಟಾದರೂ ಹೊರೆ ಹಾಕಿ ಓಡಿಸಬೇಕು. ಬರಿದೇ ಓಡಿಸುವುದು ಸಾಲದು. ಟ್ಯಾಂಕಿನ ತಳದ ನೀರನ್ನು ಅಂದೇ ಬಸಿಯಿರಿ. ಮುಚ್ಚಿದ ಕೋಣೆಯಲ್ಲಿ ಎಂದೂ ಓಡಿಸಬೇಡಿ, ಅದರ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯೇ ಇಲ್ಲ. ಹಾಗೆಯೇ ಚೇಂಜ್ ಓವರ್ ಸ್ವಿಚ್ಚು ಇಲ್ಲದೆ ಮನೆಯ ತಂತಿಗೆ ಕೂಡಿಸಬೇಡಿ. ನಿಮ್ಮ ವಿದ್ಯುತ್ತು ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರಿಗೆ ಹೋಗಿ ಸಾವಿರಾರು ವೋಲ್ಟಾಗಿ ಕಂಬಕ್ಕೆ ಏರುತ್ತದೆ. ಮಳೆಯಲ್ಲಿ ಆ ಕಂಬದ ಮೇಲೆ ಲೈನ್‌ಮನ್ ಇರುತ್ತಾನೆ.

ನಾನು ಹೇಳಿದ ಆ ಎಂಟು ಮಂದಿ ಈಗ ಟ್ರ್ಯಾಕ್ಟರಿನ ಆಲ್ಟರ್ನೇಟರನ್ನು ಇಟ್ಟುಕೊಂಡಿದ್ದಾರೆ. ಕೊಯ್ಲಿಗೆ ಮೊದಲು ನಾನು ಅಲ್ಲಿಗೆ ಹೋದಾಗ ಗದ್ದೆ ನೋಡುವುದಕ್ಕೆ ಮುಂಚೆ ಅದನ್ನು ಜೋಡಿಸಿ ಫ್ಯಾನು ಓಡಿಸಿ ತೋರಿಸುತ್ತಾರೆ. ಹಸಿರು ಜನರೇಟರು ಶೆಡ್ಡಿನ ಹಿಂದೆ ಹಾಗೆಯೇ ಇದೆ, ಕೊಳ್ಳುವವರು ಬಂದಿಲ್ಲ.