ಕಪಾಟಿನಲ್ಲಿರುವ ಕಾಯಿದೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆವರು ಸುರಿಸುವವನಿಗೂ, ಹರಿಹರದ ಓಣಿಯಲ್ಲಿ ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟುವವಳಿಗೂ ಕಾಯಿದೆಯ ದರ್ಶನವಾಗುವುದು ಯಾವುದಾದರೊಂದು ಕಾಗದದ ರೂಪದಲ್ಲಿ. ಅಂಚೆಯವನು ಕೈಗಿಡುವ ನೋಟೀಸು. ಮನೆ ಖಾಲಿ ಮಾಡೆಂಬ ಮಾಲೀಕನ ಪತ್ರ. ‘ಇಲ್ಲೊಂದು ಹೆಬ್ಬೆಟ್ಟು ಒತ್ತವ್ವ’ ಎಂದು ಅಣ್ಣ ಮುಂದೆ ಚಾಚುವ ಹಾಳೆ. ಅದರಲ್ಲಿ ಏನು ಬರೆದಿದೆ, ಬರೆದುದು ಎಷ್ಟರಮಟ್ಟಿಗೆ ಸರಿ ಎಂದು ಕೇಳಹೋದಲ್ಲೆಲ್ಲ ಮೊದಲು ಹಣದ ಗಂಟು ಬಿಚ್ಚಬೇಕಾಗುತ್ತದೆ. ಬಿಚ್ಚದೆಯೇ ಒಳಹೊಕ್ಕು ಕುಳಿತುಕೊಳ್ಳಬಹುದಾದ ಮನೆಯೊಂದುಂಟು. ಅದು ಸಾರ್ವಜನಿಕ ಗ್ರಂಥಾಲಯ.

ಹಾಗೆ ನೋಡಿದರೆ ಈ ಮನೆಯೂ ಕಾಯಿದೆಯ ಕೂಸೇ. ಅಂದಿನ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1965ರದು. ಆಸ್ತಿತೆರಿಗೆಯೊಡನೆ ಗ್ರಂಥಾಲಯ ಕರವನ್ನು ವಸೂಲು ಮಾಡುವ ಪದ್ಧತಿ ಅದರಿಂದ ಬಂದುದು. ಸ್ವಂತ ಸೂರಿಲ್ಲದವನು ಕೊಡುವ ಬಾಡಿಗೆಯಲ್ಲಿಯೂ ಆ ಕರದ ಪಾಲು ಅಡಗಿದೆ. ಆದುದರಿಂದ ಅಲ್ಲಿಗೆ ಹೋಗುವ ಬಡವನು ಧರ್ಮದ ಊಟಕ್ಕೆ ಕುಳಿತವನಲ್ಲ. ಆದರೆ ಹೋಗುವವರು ಯಾರು? ಬೆಳಗಿನ ಪತ್ರಿಕೆಗಾಗಿ ನಿವೃತ್ತರು, ಸ್ಪರ್ಧಾ ಪರೀಕ್ಷೆಗಾಗಿ ತರುಣರು. ಕಾನೂನಿನ ಕಪಾಟಿನ ಮುಂದೆ ದಿನಗೂಲಿಯವನು ನಿಂತ ನೋಟ ಅಪರೂಪ.

ಅಣ್ಣ ಚಾಚಿದ ಆ ಹಾಳೆಯನ್ನೇ ತೆಗೆದುಕೊಳ್ಳಿ. ಹರಿಹರದ ಕಡೆಯ ಹೆಣ್ಣುಮಗಳೊಬ್ಬಳು 1988ರಲ್ಲಿ ಮದುವೆಯಾಗಿ ಹೋದವಳು ಎನ್ನಿ. ತವರಿನಲ್ಲಿ ಎರಡು ಎಕರೆ ಪಿತ್ರಾರ್ಜಿತ ಜಮೀನು. ‘ಮದುವೆ ಮಾಡಿಕೊಟ್ಟಾಯಿತು, ಇನ್ನು ಪಾಲು ಎಲ್ಲಿಯದು?’ ಎನ್ನುತ್ತಾನೆ ಅಣ್ಣ. ಅವಳ ಮಗ ಗ್ರಂಥಾಲಯಕ್ಕೆ ಹೋಗಿ ಹಿಂದೂ ಕಾನೂನಿನ ಪುಸ್ತಕವೊಂದನ್ನು ತೆಗೆಯುತ್ತಾನೆ. ಅದು 1990ರ ದಶಕದ ಕೊನೆಯಲ್ಲಿ ಅಚ್ಚಾದುದಾದರೆ ಸೋದರಮಾವನ ಮಾತನ್ನೇ ಎತ್ತಿಹಿಡಿಯುತ್ತದೆ. ಪುಸ್ತಕದ ತಪ್ಪೂ ಅಲ್ಲ. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ ಕರ್ನಾಟಕವು ಮಾಡಿಕೊಂಡ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದಾಗ, ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕೆಂದಿತಾದರೂ, ಅದಕ್ಕೆ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಈ ಗೋಡೆ ಉಳಿಯಲಿಲ್ಲ. ಆ ದಿನ ತಂದೆ ಬದುಕಿರಲೇಬೇಕೆ ಎಂಬ ಸಂದೇಹವಿತ್ತು. ಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಜಮೀನು ಮಾರಾಟವಾಗಿದ್ದರೆ, ಇಲ್ಲವೆ ನೋಂದಣಿಯಾದ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಪಾಲಾಗಿದ್ದರೆ, ಅದು ಕದಲದು. ಆದರೆ ‘ಎಂದೋ ಬಾಯಿಮಾತಿನಲ್ಲಿ ಪಾಲಾಗಿಹೋಗಿದೆ’ ಎಂಬ ವಾದವು ಸಾರ್ವಜನಿಕ ದಾಖಲೆಯ ಆಸರೆಯಿಲ್ಲದೆ ನಿಲ್ಲುವಂಥದಲ್ಲ. ನಮ್ಮ ಹಳ್ಳಿಗಳಲ್ಲಿ ಅಣ್ಣಂದಿರು ಮೊದಲು ಹೂಡುವುದು ಇದೇ ವಾದವನ್ನಷ್ಟೆ!

ಒಂದೇ ಕಪಾಟು, ಎರಡು ಪುಸ್ತಕ. ಒಂದನ್ನು ತೆರೆದರೆ ಎರಡು ಎಕರೆಯಲ್ಲಿಯ ಪಾಲು ಹೋಯಿತು; ಇನ್ನೊಂದನ್ನು ತೆರೆದರೆ ಉಳಿಯಿತು.

ಕಾದಂಬರಿ ಹಳತಾದರೂ ರುಚಿ ಕೆಡದು. ಕಾನೂನಿನ ಪುಸ್ತಕ ಮಾತ್ರ ಬೆಣ್ಣೆದೋಸೆಯ ಜಾತಿಯದು. ಆರಿದ ಮೇಲೆ ಕೆಲಸಕ್ಕೆ ಬಾರದು. ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 1948ರ ಕನಿಷ್ಠ ವೇತನ ಅಧಿನಿಯಮವು 2025ರ ನವೆಂಬರ್ 21ರಿಂದ ವೇತನ ಸಂಹಿತೆಗೆ ಎಡೆಮಾಡಿಕೊಟ್ಟಿದೆ. ಗ್ರಂಥಾಲಯವು ಬೆಳೆಯುವ ಜೀವಿಯೆಂಬುದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಕೊನೆಯದು. ಬೆಳೆಯುವ ಗಿಡ ಹಣ್ಣೆಲೆಯನ್ನು ಉದುರಿಸಲೂ ಬೇಕಲ್ಲವೆ? ಹಳೆಯ ಪುಸ್ತಕವನ್ನು ಕಪಾಟಿನಿಂದ ತೆಗೆಯಲಾಗದಿದ್ದರೆ, ‘ಇದು ಅಚ್ಚಾದ ಮೇಲೆ ಕಾಯಿದೆ ಬದಲಾಗಿದೆ’ ಎಂಬ ಚೀಟಿಯನ್ನು ರಟ್ಟಿನ ಮೇಲೆ ಅಂಟಿಸಬಹುದು. ಅದಕ್ಕೆ ಬೇಕಾಗುವುದು ಒಂದು ಸೀಸೆ ಗೋಂದು, ಮತ್ತು ಕಾಯಿದೆ ಬದಲಾದುದನ್ನು ತಿಳಿದಿರುವ ಒಬ್ಬ ಮನುಷ್ಯ. ಎರಡನೆಯದು ಕೊಂಚ ದುಬಾರಿ. ದಾವಣಗೆರೆಯಲ್ಲಿ ಕಾನೂನು ಓದುವ ವಿದ್ಯಾರ್ಥಿಗಳಿಗೇನೂ ಬರವಿಲ್ಲ. ವರ್ಷಕ್ಕೊಮ್ಮೆ ಅವರನ್ನು ಈ ಕಪಾಟಿನ ಮುಂದೆ ಕೂರಿಸಿದರೆ ಇಬ್ಬರಿಗೂ ಲಾಭ.

ಗ್ರಂಥಪಾಲಕನು ವಕೀಲನಲ್ಲ, ಆಗಲೂಬಾರದು. ‘ಗೆಲ್ಲುತ್ತೀಯೆ, ದಾವೆ ಹೂಡು’ ಎನ್ನುವುದು ಅವನ ಕೆಲಸವಲ್ಲ. ಸರಿಯಾದ ಪುಟವನ್ನು ತೆರೆದುಕೊಟ್ಟು, ಮುಂದಿನ ಬಾಗಿಲು ಯಾವುದೆಂದು ತೋರಿಸಿದರೆ ಸಾಕು. ಆ ಬಾಗಿಲು ಕಾನೂನು ಸೇವೆಗಳದು. 1987ರಲ್ಲಿ ರಚಿತವಾಗಿ 1995ರ ನವೆಂಬರ್ 9ರಿಂದ ಜಾರಿಯಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ 12ನೆಯ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮೊದಲಾದವರು ಉಚಿತ ನೆರವಿಗೆ ಅರ್ಹರು. ಇವರ ವರಮಾನವನ್ನು ಕೇಳುವಂತಿಲ್ಲ. ಉಳಿದವರಿಗೆ ವರಮಾನದ ಮಿತಿಯುಂಟು. ನೆರವೆಂದರೆ ವಕೀಲರ ಫೀಜು ಮಾತ್ರವಲ್ಲ, ನ್ಯಾಯಾಲಯದ ಶುಲ್ಕವೂ ಅದರಲ್ಲಿ ಸೇರಿದೆ.

ಈ ಮಾತು ಗ್ರಂಥಾಲಯದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಇರತಕ್ಕದ್ದು. ದೂರವಾಣಿಯಲ್ಲಿ ಕೇಳುವವರಿಗೆ 15100 ಎಂಬ ಸಂಖ್ಯೆಯಿದೆ. ದಾವಣಗೆರೆಯಲ್ಲಿ ಜಿಲ್ಲಾ ಪ್ರಾಧಿಕಾರವಿರುವಂತೆ ಹರಿಹರದಲ್ಲಿ ತಾಲ್ಲೂಕು ಸಮಿತಿಯಿದೆ. ಅಲ್ಲಿಯವರು ಬಸ್ಸು ಹಿಡಿದು ಜಿಲ್ಲಾಕೇಂದ್ರಕ್ಕೆ ಬರಬೇಕಾಗಿಲ್ಲ. ಅರ್ಜಿ ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಅಲ್ಲಿಯವರೇ ಬರೆದುಕೊಳ್ಳಬೇಕೆಂಬ ನಿಯಮವುಂಟು. ಜಮೀನಿನ ಮಾತಾದರೆ ಪಹಣಿಯ ಪ್ರತಿಯನ್ನೂ, ಅಣ್ಣ ಕೊಟ್ಟ ಹಾಳೆಯನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು.