ಒಂದು ನಳ ಸರಸ್ಲಾಕ ಟಾಕಿ ಯಾಕ ಖಾಲಿ ಮಾಡ್ಬೇಕು?

ಅಕ್ಕಗೋಳೆ, ವೈನಿಗೋಳೆ, ಈ ಸಲ ಅಡಗಿ ಮಾತಿಲ್ಲ. ನಳದ ಮಿಸ್ತ್ರಿ ಜೋಡಿ ಆದ ಜಗಳದ ಮಾತು. ಓದಿ ನಿಮ್ಮನಿ ಗಂಡಸ್ರಿಗಿ ಸಿಟ್ಟು ಬಂದ್ರ ಬರಲಿ.

ಮೇ ತಿಂಗಳು. ಅತ್ತಿಯವರಿಗಿ ಬಗ್ಗಲಾಕ ಆಗಲ್ಲಂತ ಬಚ್ಚಲದಾಗಿನ ಬಿಸಿನೀರಿನ ನಳ ಒಂದು ಮೊಳ ಮ್ಯಾಲ ಏರಿಸ್ಬೇಕಿತ್ತು. ಮಿಸ್ತ್ರಿ ಬಂದವನೇ ಮಾಳಿಗಿ ಏರಿ 1000 ಲೀಟರಿನ ಟಾಕಿನೂ ಬಿಟ್ಟ, ಸೋಲಾರಿನ 200 ಲೀಟರೂ ಬಿಟ್ಟ. "ಖಾಲಿ ಮಾಡ್ದೆ ಪೈಪ್ ಕೊಯ್ಲಾಕ ಬರಲ್ರಿ ಅಕ್ಕೋರೆ" ಅಂದ. ನಮ್ಮ ಮನಿಯವರು "ಅವನ ಕೆಲಸ ಅವನಿಗಿ ಗೊತ್ತದ, ನೀ ಸುಮ್ಕಿರು" ಅಂದ್ರು. ಸುಮ್ಕಿದ್ದೆ. ಓಣಿ ಗಟಾರ ತುಂಬಿ ಹರೀತು.

1000 ಲೀಟರ್ ಅಂದ್ರ 15 ಲೀಟರಿನ ಕೊಡ 66. ಜಲ ಜೀವನ ಮಿಷನ್‌ದವರು ಹಳ್ಯಾಗ ಒಬ್ಬರಿಗಿ ದಿನಕ್ಕ 55 ಲೀಟರ್ ಅಂತ ಲೆಕ್ಕ ಇಟ್ಟಾರ. ಅಂದ್ರ 18 ಮಂದಿಯ ಒಂದು ದಿನದ ನೀರು, ಒಂದು ನಳದ ಸಲುವಾಗಿ! ಕೊಡ ಹೊತ್ತವರು ಯಾರಂತ ಲೆಕ್ಕ ಬರೆದವರೂ ಕೇಳಲ್ಲ, ಟಾಕಿ ಬಿಟ್ಟವರೂ ಕೇಳಲ್ಲ.

ಇನ್ನೂ ಮುಗಿದಿಲ್ಲ. ಮಿಸ್ತ್ರಿ ಊಟಕ್ಕ ಹೋಗಿ ಮೂರು ಗಂಟಿಗಿ ಬಂದ. ಅಷ್ಟರಾಗ ಸೋಲಾರಿನ ಗಾಜಿನ ಕೊಳವ್ಯಾಗ ಉಳಿದಿದ್ದ ನೀರು ಕುದ್ದು ಇಳಿದಿತ್ತು, ಗಾಜು ಕಾದು ಕೆಂಡ ಆಗಿತ್ತು. ಅದರ ಮ್ಯಾಲ ತಣ್ಣೀರ ಬಿಟ್ಟ. ಪಟ್ ಪಟ್ ಅಂತ ಎರಡು ಕೊಳವಿ ಸೀಳಿದವು. ಒಂದು ಕೊಳವಿ ಒಡೀತಂದ್ರ ಆ ತೂತಿನಿಂದ ಟಾಕಿ ನೀರೆಲ್ಲ ಸುರೀತದ. ಮತ್ತ ಖಾಲಿ!

ಈಗ ಕೇಳ್ರಿ. ಸೋಲಾರ್ ಟಾಕಿಗಿ ತಣ್ಣೀರ ಬರೋದು ಕೆಳಗಿಂದ, ಬಿಸಿನೀರ ಹೋಗೋದು ಮ್ಯಾಲಿಂದ. ತಣ್ಣೀರ ಒತ್ತಿದ್ರೇ ಬಿಸಿನೀರ ಹೊರಗ ಬರ್ತದ. ತಣ್ಣೀರಿನ ಪೈಪಿಗಿ ಒಂದು ವಾಲ್ ಇದ್ದು, ಅದನ್ನ ಬಂದ್ ಮಾಡಿ ಬಚ್ಚಲದ ನಳ ಬಿಟ್ರ, ನಾಕು ಬಕೀಟ್ ಬಂದು ತಾನಾಗೇ ನಿಲ್ತದ. ಆಮ್ಯಾಲ ಬಿಸಿನೀರಿನ ಪೈಪ್ ಎಲ್ಲಿ ಬೇಕಾದ್ರೂ ಕೊಯ್ಯಿ. ದೊಡ್ಡ ಟಾಕಿ ಮುಟ್ಟೋ ಮಾತೇ ಇಲ್ಲ.

ನನ್ನ ತಂಗಿ ಮಗಳು ಇಂಗ್ಲೆಂಡಿನಾಗ ಇದ್ದಾಳ. ಥಂಡಿ ದೇಶ, ಮನಿ ಬೆಚ್ಚಗಿರ್ಲಿ ಅಂತ ಕೋಣಿ ಕೋಣಿಗಿ ಪೈಪಿನ್ಯಾಗ ಬಿಸಿನೀರ ತಿರುಗಿಸ್ತಾರ, ಗ್ವಾಡಿಗಿ ರೇಡಿಯೇಟರ್ ಅಂತ ಹಚ್ಚಿರ್ತಾರ. ಒಂದನ್ನ ತೆಗೀಬೇಕಂದ್ರ ಅದರ ಎರಡೂ ಬದಿ ವಾಲ್ ಬಂದ್ ಮಾಡಿ, ಅದರೊಳಗಿನ ನೀರಷ್ಟೇ ಹಿಡೀತಾರಂತ. ನೀರಿಗಿ ಬರ ಇಲ್ಲದವರು ಇಷ್ಟು ಮಾಡ್ತಾರ, ಆಳಂದ ತಾಲೂಕಿನವರಾದ ನಾವು ಗಟಾರಕ್ಕ ಬಿಡ್ತೀವಿ!

"ನಮ್ಮ ಬೋರಿನ ನೀರು ಸವಳು, ವಾಲ್ ಉಪ್ಪು ಹಿಡಿದು ಬಿಗೀತದ" ಅಂತ ಮನಿಯವರ ವಾದ. ಖರೆ. ಅದಕ್ಕೇ ತಿಂಗಳಿಗೊಮ್ಮಿ ಮಾಳಿಗಿ ಕಸ ಹೊಡಿವಾಗ ಒಂದು ಸಲ ತಿರುವಿ ಬಿಡ್ಬೇಕು. ಕಸ ಹೊಡಿಯೋರು ನಾವೇ ಅಲ್ಲೇನು? ಗೇಟಿಗಿ ಬಣ್ಣ ಹಚ್ಚಲಾಕ ಸಾವಿರಾರು ರೂಪಾಯಿ ತೆಗಿಯೋ ಕೈ ಒಂದು ವಾಲಿಗಿ ಯಾಕ ನಡುಗ್ತದೋ ಗೊತ್ತಿಲ್ಲ.

ಟಾಕಿ ಅಡಿಯ ಜೋಡಣಿನೇ ಸೋರಿದ್ರ ಖಾಲಿ ಮಾಡ್ಲೇಬೇಕು, ಒಪ್ತೀನಿ. ಆಗ ಹಿಂದಿನ ದಿನ ಚಾದರ, ಕೌದಿ ಒಗದು, ಕೊಡ ಹಂಡೇ ತುಂಬ್ಕೊಂಡು, ಉಳಿದದ್ದು ನಸುಕಿನ್ಯಾಗ ಬಿಡಿಸ್ರಿ. ಕೊಳವಿ ಮ್ಯಾಲ ತಟ್ಟು ಹೊದಿಸಿರಿ.

ಬರೋ ಸೋಮವಾರ ಬ್ಯಾರೆ ಮಿಸ್ತ್ರಿ ಬರ್ತಾನ. ವಾಲ್ ಎಲ್ಲಿ ಕೂಡ್ಬೇಕಂತ ನಾನೇ ಮಾಳಿಗಿ ಮ್ಯಾಲ ಸುಣ್ಣದ ಗುರುತು ಹಾಕಿಟ್ಟೀನಿ.